ಹಬ್ಬಕ್ಕೆ ಮಾತ್ರ ತೆರೆಯುವ ಹಜಾರ

ದೊಡ್ಡ ಮನೆ ಕಟ್ಟಿಸಿದವರು ಅದರ ಹಜಾರದಲ್ಲಿ ಕೂರುವುದು ಅಪರೂಪ. ದಿನದ ಬಾಳೆಲ್ಲ ಒಳಕೋಣೆಯಲ್ಲೇ ಕಳೆಯುತ್ತದೆ. ಚೀನಾದ ಚಕ್ರವರ್ತಿಗಳೂ ಹಾಗೆಯೇ. ಬೀಜಿಂಗಿನ ನಿಷೇಧಿತ ನಗರದ ತಾಯ್ಹೆ ಸಭಾಮಂದಿರ ಇದೆಯಲ್ಲ, ಅಲ್ಲಿ ಚಿಂಗ್ ದೊರೆಗಳು ಕೂರುತ್ತಿದ್ದದ್ದು ಪಟ್ಟಾಭಿಷೇಕಕ್ಕೆ, ಹೊಸ ವರ್ಷಕ್ಕೆ, ಚಳಿಗಾಲದ ಅಯನದ ಹಬ್ಬಕ್ಕೆ, ತಮ್ಮ ಹುಟ್ಟುಹಬ್ಬಕ್ಕೆ, ಇನ್ನು ಅಂಥವೇ ಕೆಲವು ದಿನಗಳಿಗೆ.

ಆ ದಿನಗಳಲ್ಲೂ ಹೆಚ್ಚಿನ ಅಧಿಕಾರಿಗಳು ನಿಲ್ಲುತ್ತಿದ್ದದ್ದು ಹೊರಗೆ, ಒಂದು ಮರವೂ ಇಲ್ಲದ ಅಂಗಳದಲ್ಲಿ. ಯಾವ ದರ್ಜೆಯವರ ಜಾಗ ಎಲ್ಲಿ ಎಂದು ತೋರಿಸಲು ಪುಟ್ಟ ಬೆಟ್ಟದ ಆಕಾರದ ಕಂಚಿನ ಗುರುತುಗಳು. ಚಾಟಿ ಚಟೀರೆಂದರೆ ಎಲ್ಲ ಮಾತೂ ನಿಂತಿತು. ಆಮೇಲೆ ಮೂರು ಸಲ ಮಂಡಿಯೂರಿ ಒಂಬತ್ತು ಸಲ ಹಣೆ ನೆಲಕ್ಕೆ. ಎದುರಿಗೆ ಎಂಟು ಮೀಟರ್ ಎತ್ತರದ, ಮೂರು ಅಂತಸ್ತಿನ ಬಿಳಿ ಕಲ್ಲಿನ ಜಗಲಿ. ಅದರ ಮೇಲೆ ಧೂಪದ ಹೊಗೆ ಬಿಡುವ ಕಂಚಿನ ಆಮೆ, ಕೊಕ್ಕರೆಗಳು. ಅಷ್ಟು ದೂರದಲ್ಲಿದ್ದವನಿಗೆ ದೊರೆಯ ಮುಖ ಕಾಣುವುದುಂಟೆ? ಕಾಣಬೇಕಾಗಿಯೂ ಇರಲಿಲ್ಲ. ದೊರೆಯ ಪರವಾಗಿ ಆ ಕಟ್ಟಡವೇ ದರ್ಶನ ಕೊಡುತ್ತಿತ್ತು. 1908ರಲ್ಲಿ ಇನ್ನೂ ಮೂರು ತುಂಬದ ಪುಯಿಯನ್ನು ಇಲ್ಲೇ ಪಟ್ಟಕ್ಕೆ ಕೂರಿಸಿದಾಗ ಮಗು ಚಳಿಗೆ, ಗದ್ದಲಕ್ಕೆ ಹೆದರಿ ಅತ್ತೇ ಅತ್ತಿತು. ಆದರೂ ನಮಸ್ಕಾರಗಳು ನಿಲ್ಲಲಿಲ್ಲ.

ನನಗೆ ಮಾತ್ರ ದೊರೆಗಳಿಗಿಂತ ಬಡಗಿಗಳ ಮೇಲೆಯೇ ಹೆಚ್ಚು ಪ್ರೀತಿ. 1420ರಲ್ಲಿ ಮುಗಿದ ಮೊದಲ ಮಂದಿರ ಮರುವರ್ಷವೇ ಸಿಡಿಲಿಗೆ ಸುಟ್ಟಿತು. ಮತ್ತೆ ಕಟ್ಟಿದರು, ಮತ್ತೆ ಉರಿಯಿತು. ಈಗಿನದು 1695ರಲ್ಲಿ ಶುರುವಾಗಿ 1697ರಲ್ಲಿ ಎದ್ದು ನಿಂತದ್ದು. ಹಿರಿಯ ಬಡಗಿ ಲಿಯಾಂಗ್ ಜ್ಯೂ ಮೊದಲು ಮರದಲ್ಲಿ ಪುಟ್ಟ ಮಾದರಿ ಮಾಡಿಕೊಂಡೇ ಕೆಲಸಕ್ಕೆ ಇಳಿದ. ಮಿಂಗ್ ಕಾಲದವರು ತರಿಸುತ್ತಿದ್ದ ದಪ್ಪ ನಾನ್ಮು ದಿಮ್ಮಿಗಳು ಅಷ್ಟು ಹೊತ್ತಿಗೆ ಕಾಡಿನಲ್ಲಿ ಸಿಗದಾಗಿದ್ದವು. ಪೈನ್ ತುಂಡುಗಳನ್ನು ಒಂದಕ್ಕೊಂದು ಕೂಡಿಸಿ ಕಂಬ ಮಾಡಿದರು, ಒಟ್ಟು 72. ಸಿಂಹಾಸನದ ಅಕ್ಕಪಕ್ಕದ ಆರು ಕಂಬಗಳಿಗೆ ಚಿನ್ನದ ಡ್ರ್ಯಾಗನ್ ಸುತ್ತಿಸಿದರು. ನೋಡುವವರೆಲ್ಲ ಚಿನ್ನ ನೋಡುತ್ತಾರೆ. ಮೂರು ಶತಮಾನ ಆ ಭಾರ ಹೊತ್ತದ್ದು ಒಳಗಿನ ಬೆಸುಗೆ. ಸೂರಿನ ಏಣಿನ ಮೇಲೆ ಸಾಲಾಗಿ ಹತ್ತು ಪ್ರಾಣಿಗಳು ಕೂತಿವೆ. ಹತ್ತು ಇರುವುದು ಈ ಮಂದಿರಕ್ಕೆ ಮಾತ್ರ. ಹತ್ತನೆಯದು ರೆಕ್ಕೆಯುಳ್ಳ ಕೋತಿಮೋರೆಯದು, ಸಿಡಿಲು ತಡೆಯುತ್ತದೆಂಬ ನಂಬಿಕೆ. ಅಷ್ಟು ಸಲ ಸುಟ್ಟುಕೊಂಡವರಿಗೆ ಆ ನಂಬಿಕೆ ಬೇಕೇ ಬೇಕಿತ್ತು.

ರಾಜ್ಯ ಹೋದ ಮೇಲೆ ತಾನೇ ಚಕ್ರವರ್ತಿಯಾಗಲು ಹೊರಟ ಯುವಾನ್ ಶಿಕೈ 1915ರಲ್ಲಿ ಹಳೆಯ ಸಿಂಹಾಸನ ತೆಗೆಸಿ, ಪಾಶ್ಚಾತ್ಯ ಮಾದರಿಯ ಕುರ್ಚಿ ಹಾಕಿಸಿದ. ಹಳೆಯದು 1959ರಲ್ಲಿ ಅರಮನೆಯ ಉಗ್ರಾಣದಲ್ಲಿ ಮುರುಕು ಪೀಠೋಪಕರಣಗಳ ನಡುವೆ ಸಿಕ್ಕಿತು. ಹಳೆಯ ಫೋಟೋ ಒಂದರ ಜೊತೆ ಹೋಲಿಸಿ ಗುರುತು ಹಿಡಿದರು. ಮತ್ತೆ ಬಡಗಿಗಳೇ ಬರಬೇಕಾಯಿತು: ಇಲ್ಲವಾದ ಭಾಗಗಳನ್ನು ಕೆತ್ತಿ, ಅರಗು ಬಳಿದು, ಚಿನ್ನ ಹಚ್ಚಿ, 1964ರ ಹೊತ್ತಿಗೆ ಅದನ್ನು ಅದರ ಜಾಗದಲ್ಲೇ ಕೂರಿಸಿದರು.