ಊಟ ಊರಿನದು, ಹಾದಿಖರ್ಚು ಯಾರದು?

ನಮ್ಮ ಯಾದಗಿರಿ ಸೀಮೆಯ ಹಳ್ಳಿಗಳಲ್ಲಿ ಜಾತ್ರೆ ಬಂತೆಂದರೆ ಮೊದಲ ಕೆಲಸ ಪಟ್ಟಿ ಎತ್ತುವುದು. ಹತ್ತೆಕರೆ ನೀರಾವರಿಯವನಿಗೆ ಒಂದು ಲೆಕ್ಕ, ಕೂಲಿಯವನಿಗೆ ಇನ್ನೊಂದು ಲೆಕ್ಕ. ಕೊಡಲಾಗದ ಮನೆಯ ಮುಂದೆ ಹಿರಿಯರು ಬಹಳ ಹೊತ್ತು ನಿಲ್ಲುವುದಿಲ್ಲ. ಪ್ರಸಾದ ಮಾತ್ರ ಎಲ್ಲರಿಗೂ ಒಂದೇ. ಅಕ್ಷರ ಬಾರದ ಹಿರಿಯರೂ ಬಗೆಹರಿಸಿಕೊಂಡ ಈ ಲೆಕ್ಕ, ದೇಶದೇಶಗಳ ಪಂಡಿತರು ಸೇರುವ ವಿಜ್ಞಾನ ಸಮ್ಮೇಳನಗಳಲ್ಲಿ ಇನ್ನೂ ಪೂರ್ತಿ ಬಗೆಹರಿದಿಲ್ಲ.

ಕೊಂಕಲ್‌ನಲ್ಲಿ ಕುಳಿತ ವಿಜ್ಞಾನದ ಮಾಸ್ತರನಿಗೆ ಇದರ ಉಸಾಬರಿ ಏಕೆ ಎಂದು ನೀವು ಕೇಳಬಹುದು. ಕಾರಣವಿದೆ. ಕೆಲವು ವರ್ಷಗಳ ಹಿಂದೆ ನಮ್ಮ ಇಬ್ಬರು ಹುಡುಗಿಯರು ರಾಜ್ಯಮಟ್ಟದ ಒಂದು ವಿಜ್ಞಾನ ಕಾರ್ಯಕ್ರಮಕ್ಕೆ ಆಯ್ಕೆಯಾದರು. ನಡೆಯುವುದು ಬೆಂಗಳೂರಿನಲ್ಲಿ, ನಮ್ಮಿಂದ ಸುಮಾರು 500 ಕಿಲೋಮೀಟರು. ಊಟ, ವಸತಿ ಸಂಘಟಕರದು. ಹಾದಿಖರ್ಚನ್ನು ನಾವು ಮೊದಲು ಹಾಕಿಕೊಂಡು, ಆಮೇಲೆ ಬಿಲ್ಲು ಕಳಿಸಬೇಕು. ಒಬ್ಬ ಹುಡುಗಿಯ ತಂದೆ ಕೇಳಿದ: “ಸರ, ಹೋಗಿ ಬರ್ಲಾಕ ಎಷ್ಟು ರೊಕ್ಕ ಹತ್ತತದ್ರಿ?” ಹೇಳಿದೆ. “ಅದು ಹೆಂಗರ ಹೊಂದಸ್ತೀನ್ರಿ. ಆದ್ರ ಈಗ ಹತ್ತಿ ಬಿಡಸೋ ದಿನ. ಆಕಿ ಸಂಗಟ ಆಕಿ ಅವ್ವ ಬಂದ್ರ ನಾಕ ದಿನದ ಕೂಲಿ ಹೋಗ್ತದ. ಅದನ್ನ ಯಾವ ಬಿಲ್ಲಿನ್ಯಾಗ ಬರೀತೀರಿ?” ನನ್ನ ಬಳಿ ಉತ್ತರವಿರಲಿಲ್ಲ.

ಮಕ್ಕಳು ಹೋದರು, ಬಂದರು. ಅಲ್ಲಿ ಅವರ ಪಕ್ಕದಲ್ಲಿ ಕುಳಿತ ನಗರದ ಮಕ್ಕಳು ಬೆಳಿಗ್ಗೆ ಸಿಟಿ ಬಸ್ಸಿನಲ್ಲಿ ಬಂದು ಸಂಜೆ ಮನೆಗೆ ಹೋಗುತ್ತಿದ್ದರು. ಸಂಘಟಕರ ದಾಖಲೆಯಲ್ಲಿ ಎಲ್ಲರೂ ಒಬ್ಬೊಬ್ಬ ಪ್ರತಿನಿಧಿ, ಅಷ್ಟೆ. ನಮ್ಮ ಬಿಲ್ಲಿನ ಹಣ ಬರುವ ಹೊತ್ತಿಗೆ ಆ ವರ್ಷದ ಪರೀಕ್ಷೆಗಳೂ ಮುಗಿದಿದ್ದವು.

ಜಗತ್ತಿನ ಮಟ್ಟದಲ್ಲಿಯೂ ಕಥೆ ಇದೇ. ಗಣಿತಜ್ಞರ ಅಂತರರಾಷ್ಟ್ರೀಯ ಮಹಾಸಮ್ಮೇಳನ ಮೊದಲು ಕೂಡಿದ್ದು 1897ರಲ್ಲಿ, ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ. ಅದು ಭಾರತಕ್ಕೆ, ನಮಗೆ ಬೆಂಗಳೂರಿಗಿಂತ ಎಷ್ಟೋ ಹತ್ತಿರವಾದ ಹೈದರಾಬಾದಿಗೆ, ಬಂದದ್ದು 2010ರಲ್ಲಿ. ನಡುವೆ 113 ವರ್ಷ! ಖಗೋಳ ವಿಜ್ಞಾನಿಗಳ ಅಂತರರಾಷ್ಟ್ರೀಯ ಒಕ್ಕೂಟದ ಮೊದಲ ಮಹಾಧಿವೇಶನ 1922ರಲ್ಲಿ ರೋಮ್‌ನಲ್ಲಿ ನಡೆಯಿತು. ಆಫ್ರಿಕಾ ಖಂಡದ ಸರದಿ ಬಂದದ್ದು 2024ರಲ್ಲಿ, ಕೇಪ್‌ಟೌನಿನಲ್ಲಿ. ಅಲ್ಲಿಯವರೆಗೂ ಆಫ್ರಿಕಾದವರೇ ಹಾದಿ ಸವೆಸಬೇಕಿತ್ತು.

ದಾರಿ ಹುಡುಕಿದವರೂ ಇದ್ದಾರೆ. ಶಾಲಾಮಕ್ಕಳ ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡ್ 1959ರಲ್ಲಿ ರುಮೇನಿಯದಲ್ಲಿ ಏಳು ದೇಶಗಳೊಂದಿಗೆ ಆರಂಭವಾಯಿತು. 1996ರಲ್ಲಿ ಮುಂಬಯಿಗೂ ಬಂದಿತ್ತು. ಅಲ್ಲಿ ಸ್ಥೂಲವಾಗಿ ನಮ್ಮ ಜಾತ್ರೆಯದೇ ಪದ್ಧತಿ: ಊಟ, ವಸತಿ ಕರೆದವರದು; ಹಾದಿಖರ್ಚು ಬಂದವರದು. ಚೆನ್ನಾಗಿಯೇ ಇದೆ, ಆದರೆ ದೂರದ ಬಡ ದೇಶಕ್ಕೆ ವಿಮಾನದ ಟಿಕೇಟೇ ದೊಡ್ಡ ಗುಡ್ಡ. 2014ರಲ್ಲಿ ದಕ್ಷಿಣ ಕೊರಿಯದ ಸೋಲ್‌ನಲ್ಲಿ ಗಣಿತಜ್ಞರು ಸೇರಿದಾಗ, ಹಿಂದುಳಿದ ದೇಶಗಳ 1,000 ಗಣಿತಜ್ಞರಿಗೆ ನೆರವು ಕೊಟ್ಟು ಕರೆಸುವ ಯೋಜನೆ ಹಾಕಿದರು. ಅದರ ಹೆಸರು ‘ನನುಮ್’. ಕೊರಿಯನ್ ಭಾಷೆಯಲ್ಲಿ ಹಂಚಿಕೆ ಎಂದರ್ಥ. ಮನಸ್ಸು ದೊಡ್ಡದು, ನಿಜ. ಆದರೆ ಭಾರವೆಲ್ಲ ಕರೆದವರ ಹೆಗಲಿಗೇ ಬಿದ್ದರೆ ಕರೆಯುವ ಧೈರ್ಯ ಶ್ರೀಮಂತರಿಗೆ ಮಾತ್ರ ಉಳಿಯುತ್ತದೆ.

ಇದಕ್ಕೆ ಏಳನೆಯ ತರಗತಿಯ ಗಣಿತ ಸಾಕು. ಬೆಂಗಳೂರಿನಲ್ಲಿ ಒಂದು ಸಭೆ ಎಂದಿಟ್ಟುಕೊಳ್ಳಿ. ಅಲ್ಲಿಯವರೇ ಹತ್ತು ಮಂದಿ, ತಲೆಗೆ 100 ರೂಪಾಯಿ ಖರ್ಚು. ಯಾದಗಿರಿಯಿಂದ ಒಬ್ಬ, ಅವನಿಗೆ 1,400. ಒಟ್ಟು 2,400. ಹನ್ನೊಂದು ಜನ ಸಮನಾಗಿ ಹಂಚಿಕೊಂಡರೆ ತಲೆಗೆ ಸುಮಾರು 218. ಅಂದರೆ ನಗರದವರು ತಲಾ 118 ರೂಪಾಯಿ ಹೆಚ್ಚಿಗೆ ಕೊಟ್ಟರೆ ದೂರದವನ ಹೊರೆ ಸುಮಾರು 1,180ರಷ್ಟು ಇಳಿಯುತ್ತದೆ. “ನಾವೇ ಹೆಚ್ಚು ಜನ, ಸಭೆ ಇಲ್ಲೇ ಆಗಲಿ” ಎನ್ನುವವರ ವಾದ ತಪ್ಪಲ್ಲ; ಒಟ್ಟು ಖರ್ಚು ಅಲ್ಲಿಯೇ ಕಡಿಮೆ. ಆದರೆ ಹೆಚ್ಚು ಜನರಿದ್ದಷ್ಟೂ ಒಬ್ಬೊಬ್ಬರು ಕೊಡಬೇಕಾದ ಪಾಲೂ ಸಣ್ಣದಾಗುತ್ತದೆ ಎಂಬುದನ್ನು ಅವರು ಮರೆಯಬಾರದು.

ಸಭೆಗಳು ಊರೂರು ತಿರುಗಲಿ ಎಂಬುದೂ ನ್ಯಾಯವೇ. 2020ರ ಫೆಬ್ರುವರಿಯಲ್ಲಿ 85ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನವನ್ನು ಕಲಬುರಗಿ ನಡೆಸಿ ತೋರಿಸಿತು. ನಮ್ಮ ಕಡೆಯವರಿಗೆ ಅತಿಥಿ ಸತ್ಕಾರ ಕಲಿಸಬೇಕಾಗಿಲ್ಲ. ಆದರೆ ಸಭಾಂಗಣ, ವಸತಿ, ವಾಹನಗಳ ಖರ್ಚನ್ನೆಲ್ಲ ಸಣ್ಣ ಊರಿನ ಮೇಲೆಯೇ ಹೊರಿಸಿ “ಈ ಸಲ ನಿಮ್ಮ ಸರದಿ” ಎಂದರೆ ಅದು ಗೌರವವಲ್ಲ, ದಂಡ.

ಆದ್ದರಿಂದ ನನ್ನ ಬಿನ್ನಹ ಇಷ್ಟೆ: ಕರೆದವರ ಖರ್ಚು, ಬಂದವರ ಖರ್ಚು ಎರಡನ್ನೂ ಒಂದೇ ಗಂಟಿನಲ್ಲಿ ಹಾಕಿ, ಎಲ್ಲರೂ ಶಕ್ತಿಯಿದ್ದಷ್ಟು ಹೊರಲಿ. ದೂರದವರಿಗೆ ಹಣ ಹೊರಡುವ ಮೊದಲೇ ಕೈಗೆ ಸಿಗಲಿ. ಆಮೇಲೆ ಕೊಡುವ ಹಣ, ಮೊದಲೇ ಹಣವಿದ್ದವನಿಗೆ ಮಾತ್ರ ಉಪಯೋಗ. ಕೂಲಿ ಬಿಟ್ಟು ಬರುವವರಿಗೆ ಆ ದಿನಗಳ ಕೂಲಿಯೂ ಲೆಕ್ಕದಲ್ಲಿ ಸೇರಲಿ. ನಮ್ಮ ಜಿಲ್ಲೆಯ ಮಟ್ಟದ ಕಾರ್ಯಕ್ರಮಗಳಿಂದಲೇ ಇದನ್ನು ಆರಂಭಿಸಬಹುದು. ಸುರಪುರ, ಶಹಾಪುರದ ಹಳ್ಳಿಗಳ ಮಕ್ಕಳಿಗೆ ಯಾದಗಿರಿಯೂ ಹತ್ತಿರವೇನಲ್ಲ.