ಒಲೆಯ ಮೇಲೆ ಕಾಯುವ ಪರಿಮಳ

ಯುಗಾದಿ ಹತ್ತಿರ ಬಂತೆಂದರೆ ಗೋಡೆಗೆ ಸುಣ್ಣ, ಹಾಸಿಗೆಗೆ ಬಿಸಿಲು ಎಲ್ಲ ಕಡೆಯ ರೂಢಿ. ನಾವಿರುವ ಬೋಡಿನಾಯಕನೂರಿನ ಮನೆಯಲ್ಲಿ ಇನ್ನೊಂದು ಕೆಲಸವೂ ಇದೆ. ಕೆಳಗೆ ಏಲಕ್ಕಿ ಮಳಿಗೆ, ಮೇಲೆ ವಾಸ. ಹಿಂಗಾರು ಮಳೆಯಲ್ಲಿ ತೇವ ಕುಡಿದ ಗೋಣಿಚೀಲಗಳ ಮುಗ್ಗಲು ವಾಸನೆ ಚೈತ್ರದವರೆಗೂ ಮೂಲೆಮೂಲೆಯಲ್ಲಿ ಕುಳಿತಿರುತ್ತದೆ. ಸೊಸೆ ಪೇಟೆಯಿಂದ ಸ್ಪ್ರೇ ಡಬ್ಬಿ ತಂದು ನೋಡಿದಳು. ನಮಗೆ ಒಗ್ಗಲಿಲ್ಲ. ಕೊಳೆ ಬಟ್ಟೆಯ ಮೇಲೆ ಜರಿಯ ಶಲ್ಯ ಹೊದಿಸಿದಂತೆ! ಊದುಬತ್ತಿ ಹೆಚ್ಚಾದರೆ ಮೊಮ್ಮಗನಿಗೆ ಕೆಮ್ಮು. ಹೀಗಾಗಿ ಒಲೆಯ ಮೇಲೆ ನೀರಿಟ್ಟು, ಮನೆಯಲ್ಲಿರುವ ಸಿಪ್ಪೆ, ಎಲೆಗಳನ್ನೇ ಹಾಕಿ ಕಾಯಿಸುವ ಪದ್ಧತಿ ನಮ್ಮಲ್ಲಿ ನಿಂತಿತು.

ಸಕಲೇಶಪುರದ ಕಡೆಯಿಂದ ನಾವು ಇಲ್ಲಿಗೆ ಬಂದದ್ದು 1984ರಲ್ಲಿ. ಆಗ ಇದೆಲ್ಲ ಮದುರೈ ಜಿಲ್ಲೆ. ತಮಿಳು ಬಾರದ ಹೊಸತರಲ್ಲಿ ಕಂಬಂ ಕಣಿವೆಯ ಕಾಪಿಲಿಯರ ಮನೆಗಳಲ್ಲಿ ಕನ್ನಡ ಕೇಳಿ ಜೀವ ಬಂದಂತಾಗಿತ್ತು. ಅವರ ಕನ್ನಡ ನಮ್ಮದಕ್ಕಿಂತ ಬೇರೆ, ಆದರೂ ಕನ್ನಡವೇ. ಅಂದಿನಿಂದ ಇಂದಿನವರೆಗೆ ಏಲಕ್ಕಿಯೇ ನಮ್ಮ ಅನ್ನ. ಹರಾಜಿಗೆ ಬಂದ ಸ್ಯಾಂಪಲನ್ನು ಕಣ್ಣಿನಿಂದ ನೋಡಿ, ಒಂದು ಕಾಯಿ ಒಡೆದು ಮೂಸಿ ಬೆಲೆ ಕಟ್ಟುವವರು ನಾವು. ಮೂಗಿನ ಬೆಲೆ ಗೊತ್ತಿದ್ದ ಮನೆ.

ಕ್ರಮ ಹೀಗೆ. ಮೊದಲು ಕಿಟಕಿ, ಬಾಗಿಲು ತೆರೆದು ಅರ್ಧ ಗಂಟೆ ಗಾಳಿಯಾಡಿಸಬೇಕು. ಮುಗ್ಗಲು ಚೀಲವನ್ನು ಒಳಗಿಟ್ಟುಕೊಂಡು ಪರಿಮಳ ಕಾಯಿಸಿದರೆ ವ್ಯರ್ಥ. ಆಮೇಲೆ ಅಗಲ ಬಾಯಿಯ ಸ್ಟೀಲ್ ಪಾತ್ರೆಯಲ್ಲಿ 1 ಲೀಟರ್ ನೀರು, 2 ನಿಂಬೆಹಣ್ಣಿನ ಸಿಪ್ಪೆ, 4 ಲವಂಗ, ಬೆರಳುದ್ದ ಚಕ್ಕೆ, ಒಂದು ಹಿಡಿ ಮಜ್ಜಿಗೆಹುಲ್ಲು. ಏಲಕ್ಕಿಯ ಬರಿ ಸಿಪ್ಪೆಯನ್ನು ಹಾಕಿ ಪರಿಮಳ ಬರಲಿಲ್ಲವೆನ್ನುವವರು ಬಹಳ. ಪರಿಮಳದ ಎಣ್ಣೆ ಹೆಚ್ಚಾಗಿ ಇರುವುದು ಬೀಜದಲ್ಲಿ. ಹಾಗೆಂದು 8 ಮಿಲಿಮೀಟರಿನ ಹಸಿರು ಕಾಯಿಯನ್ನು ಯಾರೂ ಕುದಿಸಬೇಕಾಗಿಲ್ಲ. ಗ್ರೇಡಿಂಗಿನಲ್ಲಿ ಹೆಂಗಸರು ಆರಿಸಿ ಬದಿಗಿಡುವ ಬಾಯಿಬಿಟ್ಟ ಕಾಯಿ ನಾಲ್ಕು ಜಜ್ಜಿ ಹಾಕಿದರೆ ಸಾಕು. ಶುಂಠಿ, ಲಾವಂಚ ಹಾಕುವವರಿದ್ದಾರೆ. ಬೇರು ಕಿತ್ತ ಪದಾರ್ಥವಾದ್ದರಿಂದ ನಮ್ಮ ಮನೆಯಲ್ಲಿ ಇಲ್ಲ. ಒಂದು ಕುದಿ ಬಂದೊಡನೆ ಉರಿ ತಗ್ಗಿಸಬೇಕು. ಕೊತಕೊತ ಕುದಿಸಿದರೆ ಹತ್ತು ನಿಮಿಷದಲ್ಲಿ ನಿಂಬೆಯ ಘಮ ಹಾರಿಹೋಗಿ, ಬೇಯಿಸಿದ ಸಿಪ್ಪೆಯ ಕಹಿ ವಾಸನೆ ಉಳಿಯುತ್ತದೆ. ಮೇಲೆ ಸಣ್ಣ ಕಣ್ಣಿನ ಜರಡಿ ಮುಚ್ಚಿದರೆ ನೊಣ, ಪತಂಗ ಬೀಳುವುದಿಲ್ಲ.

ದಿಂಡಿಗಲ್ಲಿನ ಹೂವಿನ ಮಾರುಕಟ್ಟೆಯಿಂದ ಮಲ್ಲಿಗೆ ತಂದು ನೀರಿಗೆ ಹಾಕಿದವರನ್ನೂ ಕಂಡಿದ್ದೇವೆ. ಮಲ್ಲಿಗೆಯ ಪರಿಮಳ ಬಿಸಿ ತಡೆಯದು. ಕುದಿದರೆ ಬೇಯಿಸಿದ ಸೊಪ್ಪಿನ ವಾಸನೆ. ಅದಕ್ಕೇ ಸುಗಂಧದ ಕಾರ್ಖಾನೆಗಳು ಮಲ್ಲಿಗೆಯನ್ನು ಹಬೆಯಲ್ಲಿ ಬಟ್ಟಿ ಇಳಿಸದೆ ದ್ರಾವಕದಲ್ಲಿ ನೆನೆಸಿ ಸಾರ ತೆಗೆಯುತ್ತವೆ. ಮಲ್ಲಿಗೆ ಮುಡಿಯಲ್ಲಿರಲಿ, ಇಲ್ಲವೇ ತಣ್ಣೀರಿನ ಬಟ್ಟಲಲ್ಲಿ.

2021ರ ಮೇ ತಿಂಗಳಲ್ಲಿ ನಮಗೂ ಶ್ರೀಮತಿಯವರಿಗೂ ಕೊರೋನಾ ಬಂತು. ನಮ್ಮ ಮೂಗು ಹತ್ತು ದಿನದಲ್ಲಿ ಸರಿಹೋಯಿತು. ಅವರದು ಹೋದದ್ದು ಹೋಯಿತು. ಏಲಕ್ಕಿ ಮನೆಯಲ್ಲಿ ಮೂವತ್ತೇಳು ವರ್ಷ ಬಾಳಿದವರಿಗೆ ಏಲಕ್ಕಿಯ ವಾಸನೆಯಿಲ್ಲ! ಊಟ ಕಡಿಮೆಯಾಯಿತು, ಮಾತೂ ಕಡಿಮೆಯಾಯಿತು. ಒಂದು ಸಂಜೆ ಗಾಳಿಗೆ ಒಲೆ ಆರಿ ಗ್ಯಾಸ್ ಹರಡಿದೆ, ಅವರು ಅಲ್ಲೇ ನಿಂತು ತರಕಾರಿ ಹೆಚ್ಚುತ್ತಿದ್ದಾರೆ. ಮೆಟ್ಟಿಲ ಬಳಿ ಬಂದ ಸೊಸೆ "ಅತ್ತೇ, ಗ್ಯಾಸು!" ಎಂದು ಕೂಗಿ ಓಡಿಬಂದಳು. ಗ್ಯಾಸಿಗೆ ಸ್ವಂತ ವಾಸನೆಯಿಲ್ಲ; ಸೋರಿದ್ದು ತಿಳಿಯಲೆಂದೇ ದುರ್ವಾಸನೆಯ ಮರ್ಕಾಪ್ಟಾನ್ ಬೆರೆಸುತ್ತಾರೆ. ಮೂಗಿಲ್ಲದವರಿಗೆ ಆ ಕಾವಲು ಇಲ್ಲ.

ಮದುರೈಯ ಕಿವಿ-ಮೂಗು ವೈದ್ಯರು ಔಷಧಿಗಿಂತ ಹೆಚ್ಚಾಗಿ ಒಂದು ಅಭ್ಯಾಸ ಹೇಳಿಕೊಟ್ಟರು. ಜರ್ಮನಿಯ ಡ್ರೆಸ್ಡೆನ್ನಿನ ಥಾಮಸ್ ಹುಮ್ಮೆಲ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ್ದು. ಗುಲಾಬಿ, ನಿಂಬೆ, ಲವಂಗ, ನೀಲಗಿರಿ, ಈ ನಾಲ್ಕನ್ನು ಬೆಳಿಗ್ಗೆ-ಸಂಜೆ ಒಂದೊಂದನ್ನೇ ಹತ್ತು ಸೆಕೆಂಡು, ಆ ವಾಸನೆಯನ್ನು ನೆನೆಯುತ್ತ ಮೂಸಬೇಕು. ಕನಿಷ್ಠ 12 ವಾರ. ಸೀಸೆಗಳಲ್ಲಿ ಎಣ್ಣೆ ಇಟ್ಟು ಮಾಡುವ ಅಭ್ಯಾಸ ಅದು. ಒಲೆಯ ಪಾತ್ರೆ ಅದಕ್ಕೆ ಬದಲಲ್ಲ. ಆದರೆ ಸೀಸೆಯ ಮುಂದೆ ಕೂರಲು ಶ್ರೀಮತಿಯವರಿಗೆ ಬೇಸರ, "ಇದೇನ್ರೀ, ಖಾಲಿ ಬಾಟ್ಲಿ ಮೂಸೋದು" ಎನ್ನುವರು. ಒಲೆಯ ಮುಂದೆ ನಿಲ್ಲಲು ಬೇಸರವಿಲ್ಲ. ಆದ್ದರಿಂದ ಸೀಸೆಯ ಸರದಿ ಮುಗಿದ ಮೇಲೆ ಪಾತ್ರೆ ಇಡುತ್ತಿದ್ದೆವು.

ಮೂರು ತಿಂಗಳಾದ ಮೇಲೆ ಮೊದಲು ಬಂದದ್ದು ಲವಂಗ, ಅದೂ ಕೆಟ್ಟು. ಕಾಫಿ ಸುಟ್ಟ ರಬ್ಬರಿನಂತೆ ನಾರುತ್ತದೆಂದು ಲೋಟ ದೂರ ತಳ್ಳುತ್ತಿದ್ದರು. ವಾಸನೆ ಮರಳುವಾಗ ಹೀಗೆ ತಿರುಚಿಕೊಂಡು ಬರುವುದುಂಟು, ಹೆದರಬೇಡಿ ಎಂದರು ವೈದ್ಯರು. 2022ರ ಯುಗಾದಿಗೆ ಒಂದು ವಾರವಿರುವಾಗ ಪಾತ್ರೆಯ ಹತ್ತಿರ ಬಗ್ಗಿ, "ಏಲಕ್ಕಿ ಜಾಸ್ತಿ ಹಾಕಿದ್ದೀರಿ, ದುಡ್ಡು ಹೆಚ್ಚಾಗಿದೆಯಾ?" ಎಂದರು. ನಾವು ಎರಡೇ ಕಾಯಿ ಹಾಕಿದ್ದೆವು. ನೀಲಗಿರಿ ಎಣ್ಣೆಯಲ್ಲೂ ಏಲಕ್ಕಿಯಲ್ಲೂ ಸಿನಿಯೋಲ್ ಎಂಬ ಒಂದೇ ಅಂಶವಿದೆಯೆಂದು ಆಮೇಲೆ ಓದಿದೆವು. ಮೆಟ್ರಿಕ್ ಓದಿದ ನಮಗೆ ಅದಕ್ಕಿಂತ ಹೆಚ್ಚಿನದು ತಿಳಿಯದು. ಮಲ್ಲಿಗೆ ಮಾತ್ರ ಅವರಿಗೆ ಇಂದಿಗೂ ದಕ್ಕಿಲ್ಲ. ಆದರೂ ದಿನಾ ಮುಡಿಯುತ್ತಾರೆ.

ಈ ವಸಂತದಲ್ಲಿ ನೀವೂ ಮಾಡುವಿರಾದರೆ ಪಾತ್ರೆ ಇಟ್ಟು ಬೇರೆ ಕೆಲಸಕ್ಕೆ ಹೋಗಬೇಡಿ. ನೀರು ಇಂಗಿದರೆ ತಳ ಹೊತ್ತುತ್ತದೆ. ಅರ್ಧಕ್ಕಿಳಿದಾಗ ಬಿಸಿನೀರು ಸೇರಿಸಿ. ಉಬ್ಬಸವಿರುವವರು ಮನೆಯಲ್ಲಿದ್ದರೆ ಲವಂಗ ಬಿಡಿ. ತಣಿದ ನೀರನ್ನು ತೆಂಗಿನ ಬುಡಕ್ಕೆ ಹಾಕಬಹುದು. ನಮ್ಮಲ್ಲಿ ರಾತ್ರಿ ಮಲಗುವ ಮುನ್ನ ಸಿಲಿಂಡರಿನ ರೆಗ್ಯುಲೇಟರನ್ನು ಈಗಲೂ ನಾವೇ ಹೋಗಿ ಮುಚ್ಚಿ ಬರುತ್ತೇವೆ.