ವ್ಲ್ತಾವಾ ತೀರದ ಒಂಟಿಗೈಯ ಚಿತ್ರಗಾರ

ಯೂರೋಪ್ ಖಂಡದ ನಡುಮಧ್ಯದಲ್ಲಿರುವ ಬೊಹೀಮಿಯಾ ಪ್ರಾಂತಕ್ಕೆ ಪ್ರಾಗ್ ನಗರವು ಬಹುಕಾಲದಿಂದಲೂ ರಾಜಧಾನಿಯಾಗಿರುವುದು. ವ್ಲ್ತಾವಾ ಎಂಬ ನದಿಯು ದಕ್ಷಿಣದಿಂದ ಬಂದು, ಊರಿನ ನಡುವೆ ಒಮ್ಮೆ ಬಳುಕಿ, ಉತ್ತರಾಭಿಮುಖವಾಗಿ ಹೊರಟುಹೋಗುತ್ತದೆ. ಎಡದ ದಂಡೆಯಲ್ಲಿ ಗುಡ್ಡವೇರಿ ಕುಳಿತಿರುವ ಹ್ರಾಡ್ಚಾನಿ ದುರ್ಗ; ಅದರ ನೆತ್ತಿಯ ಮೇಲೆ ಸಂತ ವಿಟಸನ ಮಹಾ ಇಗರ್ಜಿಯ ಶಿಖರಗಳು. ಬಲದ ದಂಡೆಯಲ್ಲಿ ಸಮತಟ್ಟಾದ ನೆಲದ ಮೇಲೆ ಹಳೆಯ ಪೇಟೆ. ಇವೆರಡನ್ನೂ ಬೆಸೆಯುವ ಕಲ್ಲಿನ ಸೇತುವೆಗೆ ನಾಲ್ಕನೆಯ ಚಾರ್ಲ್ಸ್ ದೊರೆಯು 1357ರಲ್ಲಿ ಅಸ್ತಿಭಾರವನ್ನಿಟ್ಟನು. 1841ರ ವರೆಗೆ ಆ ನಗರದಲ್ಲಿ ನದಿಯನ್ನು ದಾಟುವುದಕ್ಕೆ ಇದ್ದ ಸೇತುವೆ ಇದೊಂದೇ. ಊರಿನ ಹೆಸರು ‘ಹೊಸ್ತಿಲು’ ಎಂಬ ಅರ್ಥದ ಚೆಕ್ ಮಾತಿನಿಂದ ಹುಟ್ಟಿತೆಂದು ಅಲ್ಲಿಯ ಐತಿಹ್ಯವು ಹೇಳುತ್ತದೆ. ಲಿಬುಶೆ ಎಂಬ ರಾಜಪುತ್ರಿಯ ಕಡೆಯವರು ಕಾಡಿಗೆ ಹೋದಾಗ ಒಬ್ಬನು ಮನೆಗೆ ಹೊಸ್ತಿಲನ್ನು ಕೆತ್ತುತ್ತಿದ್ದನಂತೆ, ಅಲ್ಲಿಯೇ ನಗರವಾಯಿತಂತೆ. ನಿರುಕ್ತಿಯನ್ನು ವಿದ್ವಾಂಸರು ಒಪ್ಪಲಿ ಬಿಡಲಿ, ಕಥೆಯು ಚೆನ್ನಾಗಿದೆ.

ಇಂಥ ಊರಿನ ಚಿತ್ರವನ್ನು ತೆಗೆಯುವುದು ಏನು ಮಹಾ ಕಾರ್ಯ ಎಂದು ವಾಚಕರು ಕೇಳಬಹುದು. ಪ್ರವಾಸಿಗರೆಲ್ಲರೂ ಕ್ಯಾಮೆರಾವನ್ನು ಕೊರಳಿಗೆ ನೇತುಹಾಕಿಕೊಂಡು ಆ ಸೇತುವೆಯ ಮೇಲೆ ನಿಲ್ಲುವರು. ಬೆಳಗಿನ ಮಂಜು, ಕಟಕಟೆಯ ಮೇಲಿನ ಸಂತರ ವಿಗ್ರಹಗಳು, ಹಿಂದೆ ದುರ್ಗ: ಅಂಚೆಯ ಕಾರ್ಡು ಸಿದ್ಧವಾಯಿತು. ಸುಂದರವಾದ ಊರುಗಳಿಗೆ ಇದೊಂದು ಶಾಪವೆಂದೇ ತೋರುತ್ತದೆ. ನೋಡುವುದಕ್ಕೆ ಮೊದಲೇ ನೋಡಿ ಮುಗಿಸಿದಂತಾಗಿರುತ್ತದೆ. ಆದರೆ ಅದೇ ಊರನ್ನು ಐವತ್ತು ವರ್ಷಗಳ ಕಾಲ ಬಿಡದೆ ನೋಡಿದವನೊಬ್ಬನಿದ್ದನು. ಅವನ ಹೆಸರು ಯೋಸೆಫ್ ಸುಡೆಕ್.

ಈತನು ಹುಟ್ಟಿದುದು 1896ರಲ್ಲಿ, ಲಾಬೆ ನದಿಯ ತೀರದ ಕೊಲೀನ್ ಪಟ್ಟಣದಲ್ಲಿ. ತಂದೆ ಮನೆಗಳಿಗೆ ಬಣ್ಣ ಬಳಿಯುವ ಕಸುಬಿನವನು. ಮಗನು ತೀರ ಎಳೆಯವನಾಗಿದ್ದಾಗಲೇ ತೀರಿಕೊಂಡನು. ಹುಡುಗನನ್ನು ಪುಸ್ತಕ ಕಟ್ಟುವ ಕೆಲಸಕ್ಕೆ ಹಾಕಿದರು. ಕಾಗದವನ್ನು ಮಡಿಸುವುದು, ಹೊಲಿಯುವುದು, ಚರ್ಮದ ಹೊದಿಕೆಯನ್ನು ಎಳೆದು ಅಂಟಿಸುವುದು, ಇವೆಲ್ಲವೂ ಎರಡು ಕೈಗಳೂ ಒಂದೇ ಮನಸ್ಸಿನಿಂದ ಮಾಡತಕ್ಕ ಕೆಲಸಗಳು. ಮಹಾಯುದ್ಧವು ಆರಂಭವಾದ ಮೇಲೆ 1915ರಲ್ಲಿ ಆಸ್ಟ್ರಿಯಾ ಚಕ್ರವರ್ತಿಯ ಸೈನ್ಯವು ಅವನನ್ನು ಹಿಡಿದುಕೊಂಡಿತು. ಇಟಲಿಯ ರಣರಂಗದಲ್ಲಿ ಗುಂಡಿನ ಚೂರುಗಳು ಬಲದೋಳನ್ನು ಹೊಕ್ಕವು. ಗಾಯವು ಕೆಟ್ಟು, ವೈದ್ಯರು ತೋಳನ್ನು ಭುಜದ ಬಳಿಯೇ ತೆಗೆದರು. ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದು ವರ್ಷಗಳೇ ಕಳೆದವು. ಪುಸ್ತಕ ಕಟ್ಟುವ ವಿದ್ಯೆಯು ಕೈಯೊಡನೆಯೇ ಹೋಯಿತು.

ಯುದ್ಧದಲ್ಲಿ ಊನವಾದವರಿಗೆ ಸರ್ಕಾರದ ಕಚೇರಿಗಳಲ್ಲಿ ಏನಾದರೊಂದು ಕೆಲಸವು ಸಿಗುತ್ತಿದ್ದಿತು. ಸುಡೆಕನು ಅದನ್ನು ಒಲ್ಲದೆ, ಅಲ್ಪವಾದ ವೇತನವನ್ನು ನೆಚ್ಚಿಕೊಂಡು, ಪ್ರಾಗಿನ ಸರ್ಕಾರೀ ಕಲಾಶಾಲೆಯಲ್ಲಿ 1922ರಿಂದ ಎರಡು ವರ್ಷ ಛಾಯಾಚಿತ್ರದ ವಿದ್ಯೆಯನ್ನು ಕಲಿತನು. ಅವನ ಮೊದಲ ಚಿತ್ರಮಾಲೆಗಳಲ್ಲಿ ಒಂದು ಇನ್ವಾಲಿಡೊವ್ನಾ ಎಂಬ ಸೈನಿಕರ ಅನಾಥಾಲಯದಲ್ಲಿ ತೆಗೆದುದು. ಕಾಲಿಲ್ಲದವರು, ಕೈಯಿಲ್ಲದವರು, ಕಿಟಕಿಯಿಂದ ಬಂದು ಹೊಗೆಯಲ್ಲಿ ಹರಡಿದ ಬೆಳಕಿನೊಳಗೆ ಕುಳಿತಿರುವರು. ತನ್ನವರನ್ನೇ ಅವನು ಮೊದಲು ತೆಗೆದನು. ಆ ಚಿತ್ರಗಳಲ್ಲಿ ಮರುಕವೂ ಇಲ್ಲ, ದೂರೂ ಇಲ್ಲ. ಬೆಳಕು ಮಾತ್ರ ಬಹಳ ಇದೆ.

1926ರಲ್ಲಿ ನಡೆದ ಒಂದು ಸಂಗತಿಯನ್ನು ಸುಡೆಕನು ಮುದಿತನದಲ್ಲಿ ತನ್ನ ಸ್ನೇಹಿತರಿಗೆ ಹೇಳಿದ್ದುಂಟು. ಚೆಕ್ ಫಿಲ್ಹಾರ್ಮೋನಿಕ್ ವಾದ್ಯಮೇಳದವರು ಆ ವರ್ಷ ಇಟಲಿಗೆ ಕಚೇರಿಗಳನ್ನು ನಡೆಸಲು ಹೊರಟರು. ಗೆಳೆಯರೊಡನೆ ಇವನೂ ಹೊರಟನು. ಒಂದು ರಾತ್ರಿ ಸಂಗೀತವು ಇನ್ನೂ ನಡೆಯುತ್ತಿರುವಾಗಲೇ ಎದ್ದು, ಯಾರಿಗೂ ಹೇಳದೆ, ಕತ್ತಲೆಯಲ್ಲಿ ಊರ ಹೊರಗೆ ನಡೆದುಬಿಟ್ಟನು. ಬೆಳಗಾಗುವ ಹೊತ್ತಿಗೆ ಹೊಲಗಳ ನಡುವೆ ಇದ್ದನು. ತಾನು ಗಾಯಗೊಂಡ ಸ್ಥಳವನ್ನೂ, ತನ್ನನ್ನು ಹೊತ್ತು ತಂದು ಮಲಗಿಸಿದ್ದ ಒಕ್ಕಲಿಗನ ಮನೆಯನ್ನೂ ಹುಡುಕಿ ಕಂಡುಹಿಡಿದನು. ಮನೆ ಇದ್ದಿತು, ಹೊಲ ಇದ್ದಿತು; ತೋಳು ಮಾತ್ರ ಇರಲಿಲ್ಲ. ಎಂದೋ ಕತ್ತರಿಸಿದ ತೋಳು ಅಲ್ಲಿ ಕಾದುಕೊಂಡಿರುವುದಿಲ್ಲವೆಂದು ಅವನಿಗೆ ತಿಳಿಯದೆ? ತಿಳಿದೂ ಹುಡುಕಿದನು. ಸುಮಾರು ಎರಡು ತಿಂಗಳ ತರುವಾಯ ಪ್ರಾಗಿಗೆ ಮರಳಿದನು. ಅಷ್ಟರಲ್ಲಿ ಅವನನ್ನು ಹುಡುಕಿಸುವ ಗಡಿಬಿಡಿಯೇ ಆಗಿದ್ದಿತು. ಆಮೇಲೆ ಅವನು ದೂರದ ಪ್ರಯಾಣಗಳ ಆಸೆಯನ್ನು ಬಿಟ್ಟನು.

ಮರುವರ್ಷ, 1927ರಲ್ಲಿ, ಎಡದಂಡೆಯ ಮಲಾ ಸ್ತ್ರಾನಾ ಎಂಬ ಭಾಗದಲ್ಲಿ, ದೊಡ್ಡ ಮನೆಗಳ ಹಿಂದಿನ ಅಂಗಳದಲ್ಲಿ ಅಡಗಿದ್ದ ಒಂದು ಮರದ ಗುಡಿಸಲಿನಂಥ ಚಿತ್ರಶಾಲೆಯನ್ನು ಬಾಡಿಗೆಗೆ ಹಿಡಿದನು. ತಂಗಿ ಬೊಝೆನಾ ತಾನೂ ಛಾಯಾಚಿತ್ರದ ಕೆಲಸವನ್ನು ಕಲಿತವಳಾಗಿ ಅವನ ಮನೆಯನ್ನೂ ಕೆಲಸವನ್ನೂ ನೋಡಿಕೊಂಡಳು. ಆ ಕಾಲದಲ್ಲಿಯೇ ದುರ್ಗದ ಮೇಲೆ ಸಂತ ವಿಟಸನ ಇಗರ್ಜಿಯ ಕೆಲಸವು ಮುಗಿಯುತ್ತ ಬಂದಿದ್ದಿತು. 1344ರಲ್ಲಿ ತೊಡಗಿದ ಕಟ್ಟಡವು ಪೂರ್ಣವಾದುದು 1929ರಲ್ಲಿ! ಸುಡೆಕನು ವರ್ಷಗಟ್ಟಲೆ ಅಲ್ಲಿಗೆ ಹೋಗಿ ಚಿತ್ರಗಳನ್ನು ತೆಗೆದು, 1928ರಲ್ಲಿ ಅವುಗಳಲ್ಲಿ ಹದಿನೈದನ್ನು ಒಂದು ಸಂಪುಟವಾಗಿ ಹೊರಡಿಸಿದನು. ದೇವಾಲಯದ ಚಿತ್ರವೆಂದು ತೆರೆದು ನೋಡಿದವರಿಗೆ ಅದರಲ್ಲಿ ಕಂಡುದೇನು? ಕಂಬಗಳ ಬುಡದಲ್ಲಿ ಕೈಬಂಡಿ, ಹಲಗೆಗಳ ರಾಶಿ, ಸಲಿಕೆ, ಮಣ್ಣು. ಮೇಲಿನಿಂದ ಇಳಿದ ಬೆಳಕಿನ ಕೋಲು ಅವುಗಳ ಮೇಲೆಯೂ ಅಷ್ಟೇ ಪ್ರೀತಿಯಿಂದ ಬಿದ್ದಿದೆ. ಕಲ್ಲುಕುಟಿಕರ ಸಲಿಕೆಯನ್ನು ಬದಿಗೆ ಸರಿಸಿ ದೇವರ ಮನೆಯ ಚಿತ್ರವನ್ನು ತೆಗೆಯಬೇಕೆಂದು ಅವನಿಗೆ ತೋರಲಿಲ್ಲ.

ಬೆಳಕಿಗಾಗಿ ಅವನು ಕಾಯುತ್ತಿದ್ದ ಬಗೆಯನ್ನು ಸೋನ್ಯಾ ಬುಲಾಟಿ ಎಂಬಾಕೆ ಬರೆದಿಟ್ಟಿದ್ದಾಳೆ. ಜರ್ಮನರ ಸೆರೆಶಿಬಿರಗಳಿಂದ ಬದುಕಿ ಬಂದ ಈ ಯುವತಿಯು ಯುದ್ಧಾನಂತರ ಕೆಲಕಾಲ ಸುಡೆಕನಲ್ಲಿ ಶಿಷ್ಯವೃತ್ತಿಯನ್ನು ಮಾಡಿ, ಆಮೇಲೆ ಅಮೆರಿಕಾಕ್ಕೆ ಹೋಗಿ, 1978ರಲ್ಲಿ ಅವನ ವಿಷಯವಾಗಿ ಒಂದು ಗ್ರಂಥವನ್ನು ಪ್ರಕಟಿಸಿದಳು. ದುರ್ಗದ ತಳದ ಒಂದು ಪ್ರಾಚೀನವಾದ ಕತ್ತಲೆಯ ಮಂಟಪದಲ್ಲಿ ಇಬ್ಬರೂ ಕ್ಯಾಮೆರಾವನ್ನು ಹೂಡಿ, ನೆಲದ ಮೇಲೆ ಕುಳಿತು ಮಾತಾಡುತ್ತಿದ್ದರಂತೆ. ಇದ್ದಕ್ಕಿದ್ದಂತೆ ಸುಡೆಕನು ಮಿಂಚಿನಂತೆ ಎದ್ದನು: ಒಂದು ಬಿಸಿಲ ಕಿರಣವು ಒಳಗೆ ಬಂದಿದ್ದಿತು. ಕಿರಣವು ಕಾಣಬೇಕಾದರೆ ಗಾಳಿಯಲ್ಲಿ ಧೂಳಿರಬೇಕಲ್ಲವೆ? ಗುರುಶಿಷ್ಯರಿಬ್ಬರೂ ಬಟ್ಟೆಗಳನ್ನು ಬೀಸಿ ಬೀಸಿ ಶತಮಾನಗಳ ಧೂಳನ್ನೆಬ್ಬಿಸಿದರು. ಅವನ ವಿದ್ಯೆಯ ವಿಚಾರವಾಗಿ ಪಂಡಿತರು ಬರೆದ ಪುಟಗಳೆಲ್ಲಕ್ಕಿಂತ ಈ ಧೂಳಿನ ಕಥೆಯೇ ಹೆಚ್ಚು ತಿಳಿಸುತ್ತದೆ.

1939ರ ಮಾರ್ಚಿ 15ರಂದು ಹಿಟ್ಲರನ ಸೈನ್ಯವು ಪ್ರಾಗನ್ನು ಹೊಕ್ಕಿತು. ಬೀದಿಯಲ್ಲಿ ಕ್ಯಾಮೆರಾವನ್ನು ಹಿಡಿದವನು ಗೂಢಚಾರನೆಂದು ಸಂಶಯಕ್ಕೆ ಗುರಿಯಾಗುವ ಕಾಲವು ಬಂದಿತು. ಊರೇ ತನ್ನದೆಂದು ಅಲೆಯುತ್ತಿದ್ದವನಿಗೆ ಊರು ಮುಚ್ಚಿತು. ಆಗ ಅವನು ತನ್ನ ಗುಡಿಸಲಿನ ಕಿಟಕಿಯ ಕಡೆಗೆ ತಿರುಗಿದನು. 1940ರಿಂದ 1954ರ ವರೆಗೆ ಆ ಒಂದೇ ಕಿಟಕಿಯನ್ನು ತೆಗೆಯುತ್ತ ಹೋದನು: ಗಾಜಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿದುದು, ಮಳೆಯ ಹನಿ ಇಳಿದುದು, ಅದರಾಚೆ ಅಂಗಳದಲ್ಲಿ ಸೊಟ್ಟಗೆ ಬೆಳೆದ ಒಂದು ಮರ, ಕಿಟಕಿಯ ಹಲಗೆಯ ಮೇಲೆ ನೀರು ತುಂಬಿದ ಗಾಜಿನ ಲೋಟ ಅಥವಾ ಒಂದು ಗುಲಾಬಿ. ಬೇರೇನೂ ಇಲ್ಲ.

ಇದೇ 1940ರಲ್ಲಿ ಇನ್ನೊಂದು ಸಂಗತಿಯೂ ನಡೆಯಿತು. ಫ್ರಾನ್ಸಿನ ಶಾರ್ತ್ರ ದೇವಾಲಯದ ಒಂದು ವಿಗ್ರಹದ ಹಳೆಯ ಛಾಯಾಚಿತ್ರವು ಅವನ ಕಣ್ಣಿಗೆ ಬಿದ್ದಿತು. ದೊಡ್ಡ ನೆಗೆಟಿವನ್ನು ಕಾಗದದ ಮೇಲೆ ನೇರವಾಗಿ ಒತ್ತಿಟ್ಟು ಅಚ್ಚಿಳಿಸಿದ ಚಿತ್ರವದು; ಹಿಗ್ಗಿಸಿದುದಲ್ಲ. ಕಲ್ಲಿನ ಕಣಕಣವೂ ಅದರಲ್ಲಿ ಕೈಗೆ ಸಿಗುವಂತಿದ್ದಿತು. ಅಂದಿನಿಂದ ಸುಡೆಕನು ಚಿತ್ರವನ್ನು ಹಿಗ್ಗಿಸುವ ಪದ್ಧತಿಯನ್ನೇ ಬಿಟ್ಟನು. ಎಷ್ಟು ದೊಡ್ಡ ಚಿತ್ರವು ಬೇಕೋ ಅಷ್ಟೇ ದೊಡ್ಡ ನೆಗೆಟಿವು. ಅಷ್ಟು ದೊಡ್ಡ ನೆಗೆಟಿವಿಗೆ ಅಷ್ಟೇ ಭಾರವಾದ ಮರದ ಕ್ಯಾಮೆರಾ. ಎರಡು ಕೈಯವರು ಅಂಗೈಯಲ್ಲಿ ಹಿಡಿಯುವ ಯಂತ್ರಗಳನ್ನು ಕೊಳ್ಳುತ್ತಿದ್ದ ಕಾಲದಲ್ಲಿ, ಒಂದೇ ಕೈಯವನು ಮುಕ್ಕಾಲಿಯನ್ನೂ ಪೆಟ್ಟಿಗೆಯನ್ನೂ ಹೆಗಲಿಗೇರಿಸಿ ಗುಡ್ಡವನ್ನು ಹತ್ತಿದನು. ಕೈ ಸಾಲದಾದಾಗ ಹಲ್ಲಿನಿಂದ ಹಿಡಿಯುತ್ತಿದ್ದನು.

ಯುದ್ಧವು ಮುಗಿದು ಬೀದಿಗಳು ತೆರೆದ ಮೇಲೆ, ಹಳೆಯ ಕಾಲದ ಒಂದು ಕೊಡಕ್ ಪ್ಯಾನೊರಾಮಾ ಯಂತ್ರವು ಅವನ ಕೈ ಸೇರಿತು. ಇದರ ರಚನೆಯನ್ನು ಸ್ವಲ್ಪ ವಿವರಿಸುವುದು ಅಗತ್ಯ. ಅದರಲ್ಲಿ ಮಸೂರವು ನಿಶ್ಚಲವಾಗಿ ನಿಲ್ಲದೆ, ಸ್ಪ್ರಿಂಗಿನ ಬಲದಿಂದ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ತಿರುಗುತ್ತದೆ. ಹಿಂದೆ ಫಿಲ್ಮು ಬಿಲ್ಲಿನಂತೆ ಬಾಗಿ ನಿಂತಿರುತ್ತದೆ. ಮನುಷ್ಯನು ಕತ್ತನ್ನು ತಿರುಗಿಸಿ ಊರನ್ನು ನೋಡಿದಂತೆಯೇ. ದೊರೆಯುವ ಚಿತ್ರವು ಹತ್ತು ಸೆಂಟಿಮೀಟರು ಎತ್ತರ, ಮೂವತ್ತು ಸೆಂಟಿಮೀಟರು ಉದ್ದ. ಆದರೆ ಯಂತ್ರವು ಹಟಮಾರಿ. ಸಮಮಟ್ಟದಲ್ಲಿ ನಿಲ್ಲಿಸದಿದ್ದರೆ ದಿಗಂತವೇ ಬಾಗುವುದು. ಎದುರಿಗೆ ನೇರವಾಗಿ ಸಾಗಿದ ನದಿಯ ಕಲ್ಲುಕಟ್ಟೆಯು ಚಿತ್ರದಲ್ಲಿ ಕಮಾನಿನಂತೆ ಡೊಂಕಾಗುವುದು. ಮಸೂರ ತಿರುಗುವಾಗ ಓಡಿದ ಬಂಡಿಯು ಹಿಗ್ಗಿಯೋ ಕುಗ್ಗಿಯೋ ಕಾಣುವುದು. ಈ ದೋಷಗಳನ್ನು ಬಲ್ಲವನು ಅವನ್ನೇ ಗುಣವಾಗಿ ದುಡಿಸಿಕೊಳ್ಳಬೇಕು. ವ್ಲ್ತಾವಾ ನದಿಯು ತಾನಾಗಿಯೇ ಬಳುಕುವುದರಿಂದ ಯಂತ್ರದ ಡೊಂಕೂ ನದಿಯ ಡೊಂಕೂ ಒಂದರೊಡನೊಂದು ಹೊಂದಿಕೊಂಡವು.

ಈ ಯಂತ್ರದಿಂದ ತೆಗೆದ 284 ಚಿತ್ರಗಳ ಪುಸ್ತಕವು ‘ಪ್ರಾಗ್ ಪ್ಯಾನೊರಾಮಾ’ ಎಂಬ ಅರ್ಥದ ಹೆಸರಿನಿಂದ 1959ರಲ್ಲಿ ಅಚ್ಚಾಯಿತು. 1984ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ಕವಿ ಯಾರೊಸ್ಲಾವ್ ಸೈಫರ್ಟನ ಕವಿತೆಯೊಂದು ಅದರೊಡನೆ ಇದೆ. ದುರ್ಗ, ಸೇತುವೆ, ಗೋಪುರಗಳ ಸಾಲು ಎಲ್ಲವೂ ಇವೆ. ಆದರೆ ಪುಸ್ತಕವು ಅಲ್ಲಿಗೇ ನಿಲ್ಲುವುದಿಲ್ಲ. ಮರಗಳ ತೋಪು, ಮಳೆ ನಿಂತ ಬೀದಿ, ರೈಲಿನ ಹಳಿ, ಹೊರವಲಯದ ಹೊಗೆಕೊಳವೆ, ಊರು ಮುಗಿದು ಹೊಲ ಆರಂಭವಾಗುವ ಬರಡು ನೆಲ, ಇವುಗಳಿಗೂ ಅದೇ ಉದ್ದ, ಅದೇ ಅಗಲ, ಅದೇ ಗೌರವ. ಜನರು ಬಹಳ ವಿರಳ. ಆದರೂ ಊರು ನಿರ್ಜನವೆನಿಸುವುದಿಲ್ಲ. ಈಗತಾನೆ ಎದ್ದು ಒಳಗೆ ಹೋದವರ ಜಗುಲಿಯಂತೆ ಇರುತ್ತದೆ.

ಶಾಕುಂತಲದ ಆರನೆಯ ಅಂಕದಲ್ಲಿ ದುಷ್ಯಂತನು ತಾನು ಕಳೆದುಕೊಂಡವಳ ಚಿತ್ರವನ್ನು ಬರೆದು, ಅದು ಇನ್ನೂ ಪೂರ್ಣವಾಗಲಿಲ್ಲವೆನ್ನುತ್ತಾನೆ. ಮಾಲಿನಿಯ ಮರಳದಂಡೆಯ ಹಂಸಗಳು ಬರಬೇಕು, ಕೊಂಬೆಯಲ್ಲಿ ಒಣಗುತ್ತಿರುವ ನಾರುಬಟ್ಟೆ ಬರಬೇಕು, ಗಂಡುಜಿಂಕೆಯ ಕೋಡಿಗೆ ಕಣ್ಣನ್ನು ತೀಡಿಕೊಳ್ಳುವ ಹೆಣ್ಣುಜಿಂಕೆ ಬರಬೇಕು. ಗಡ್ಡದ ಋಷಿಗಳನ್ನೂ ತುಂಬಿಬಿಡು ಎಂದು ವಿದೂಷಕನು ನಗೆಯಾಡುತ್ತಾನೆ. ಮುಖವನ್ನು ಬರೆದು ಮುಗಿಸಿದ ಮೇಲೂ ದೊರೆಗೆ ಒಣಗುವ ಬಟ್ಟೆಯು ನೆನಪಾಯಿತು. ಕಳೆದುಕೊಂಡವನ ಕಣ್ಣು ಹಾಗೆಯೇ. ಸುಡೆಕನ ಹೊರವಲಯದ ಚಿತ್ರಗಳನ್ನು ಅನಗತ್ಯವೆಂದು ಹೇಳುವ ವಿಮರ್ಶಕನು ಆ ವಿದೂಷಕನ ಪಕ್ಷದವನು.

ಅವನು ಮದುವೆಯಾಗಲಿಲ್ಲ. ಮಂಗಳವಾರದ ಸಾಯಂಕಾಲ ಗೆಳೆಯರು ಕಾಗದದ ರಾಶಿಗಳ ನಡುವೆ ಜಾಗವನ್ನು ಮಾಡಿಕೊಂಡು ಕುಳಿತು ಗ್ರಾಮಫೋನಿನ ಸಂಗೀತವನ್ನು ಕೇಳುವರು. ಬುಲಾಟಿಯು ಅಮೆರಿಕಾದಿಂದ ತಟ್ಟೆಗಳನ್ನು ಕಳುಹಿಸುತ್ತಿದ್ದಳು. 1959ರಲ್ಲಿ ವಾಸವನ್ನು ದುರ್ಗದ ಬಳಿಯ ಬೀದಿಗೆ ಬದಲಾಯಿಸಿದರೂ ಅಂಗಳದ ಗುಡಿಸಲನ್ನು ಬಿಡಲಿಲ್ಲ. 1961ರಲ್ಲಿ ಸರ್ಕಾರವು ಅವನಿಗೆ ಕಲಾವಿದರ ಗೌರವಪದವಿಯನ್ನು ಕೊಟ್ಟಿತು. ಅದಕ್ಕೂ ಮೊದಲು ಅದು ಯಾವ ಛಾಯಾಗ್ರಾಹಕನಿಗೂ ಸಂದಿರಲಿಲ್ಲ. 1976ರ ಸೆಪ್ಟೆಂಬರಿನಲ್ಲಿ, ಎಂಬತ್ತು ತುಂಬಿದ ಮೇಲೆ, ಪ್ರಾಗಿನಲ್ಲಿಯೇ ತೀರಿಕೊಂಡನು.

ಮರದ ಗುಡಿಸಲು 1985ರಲ್ಲಿ ಬೆಂಕಿಗೆ ಆಹುತಿಯಾಯಿತು. ಊರಿನವರು ಅದೇ ಅಂಗಳದಲ್ಲಿ, ಅದೇ ಆಕಾರದಲ್ಲಿ, ಇನ್ನೊಂದನ್ನು ಕಟ್ಟಿ 2000ದಲ್ಲಿ ತೆರೆದರು. ಬೀದಿಯ ಬಾಗಿಲಿನಿಂದ ಅದು ಕಾಣುವುದಿಲ್ಲ. ಕತ್ತಲೆಯ ಓಣಿಯನ್ನು ದಾಟಿ ಹಿಂದಕ್ಕೆ ಹೋಗಬೇಕು. ಅಲ್ಲಿ ಅಂಗಳದ ಕಡೆಗೆ ಕಿಟಕಿಯನ್ನು ಇಟ್ಟಿದ್ದಾರೆ.